ಪಾಳಿ ನಂಬರ್ ಏಳು

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನಮ್ಮ ಗುಮಾಸ್ತರು ತಮ್ಮ ಭಾವನ ಎದುರು ಒಂದು ಸಲವೂ ಗೆದ್ದವರಲ್ಲ. ಇದನ್ನು ನಾನು ಸುಮ್ಮನೆ ಬಾಯಿಗೆ ಬಂದಂತೆ ಹೇಳುತ್ತಿಲ್ಲ, ಸಾಕ್ಷಿಯಿದೆ. ಪ್ರತಿ ಭಾನುವಾರ ಎರಡೂ ಮನೆಯವರು ಒಟ್ಟಿಗೆ ಊಟ ಮಾಡುವ ಪದ್ಧತಿ. ಊಟವಾಗಿ, ಹರಟೆಯಾಗಿ, ಸಂಜೆ ಟೀ ಬಂದಾಗ ಮೊದಲ ಲೋಟ ಭಾವನಿಗೆ. ಎರಡನೆಯದು ಅತ್ತೆಗೆ. ಆಮೇಲೆ ಮಕ್ಕಳಿಗೆ ಹಾಲು. ಗುಮಾಸ್ತರ ಲೋಟ ಬರುವ ಹೊತ್ತಿಗೆ ಟೀ ಉಗುರುಬೆಚ್ಚಗಾಗಿ, ಮೇಲೆ ಕೆನೆ ಕಟ್ಟಿ, ತಾನು ಟೀ ಎಂಬುದನ್ನೇ ಮರೆತಿರುತ್ತದೆ.

ಭಾವ ಎಂದರೆ ಗುಮಾಸ್ತರ ಹೆಂಡತಿಯ ಅಣ್ಣ. ವೃತ್ತಿಯಲ್ಲಿ ಜಮೀನು ಅಳೆಯುವ ಸರ್ವೇಯರು. ಬಲಗೈ ಹೆಬ್ಬೆರಳಿಗೆ ನೀಲಿ ಕಲ್ಲಿನ ದಪ್ಪ ಉಂಗುರ. ಎಲ್ಲರೂ ಬೇರೆ ಬೆರಳಿಗೆ ಹಾಕಿಕೊಂಡರೆ ತಾವು ಹೆಬ್ಬೆರಳಿಗೇ ಹಾಕಬೇಕು ಎಂಬ ಜಾತಿಯ ಮನುಷ್ಯ. ಮಾತಾಡುವ ಮೊದಲು ಆ ಉಂಗುರದಿಂದ ಮೇಜನ್ನು ಮೂರು ಸಲ ಟಕ್ ಟಕ್ ಟಕ್ ಎಂದು ಬಡಿಯುತ್ತಾರೆ. ಬಡಿದ ಮೇಲೆ ಮನೆಯ ಬೆಕ್ಕು ಕೂಡ ಮೈ ನೆಕ್ಕುವುದನ್ನು ನಿಲ್ಲಿಸಿ ಆಲಿಸುತ್ತದೆ.

ಆ ಭಾನುವಾರವೂ ಟಕ್ ಟಕ್ ಟಕ್ ಆಯಿತು.

“ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ನನ್ನನ್ನ ಅಧ್ಯಕ್ಷ ಮಾಡಿದಾರೆ. ನಾನು ಬೇಡ ಬೇಡ ಅಂದೆ. ಬಿಡಲಿಲ್ಲ. ನಲವತ್ತೆಂಟು ಮನೆ! ಲಿಫ್ಟು, ನೀರಿನ ಟ್ಯಾಂಕು, ಎಲ್ಲಾ ಇನ್ಮೇಲೆ ನಾನು ಹೇಳಿದ ಹಾಗೆ. ನಮ್ಮ ಗೀಸರ್ ಕೆಟ್ಟಿದೆ, ಮೆಕ್ಯಾನಿಕ್ ಬೇಡ ಅಂದ್ಬಿಟ್ಟಿದೀನಿ. ಈ ವಾರ ನಾನೇ ಬಿಚ್ತೀನಿ. ನಲವತ್ತೆಂಟು ಮನೇಲಿ ಗಿಳಿಹಸಿರು ಟೈಲ್ಸ್ ಇರೋದು ನಮ್ಮ ಬಚ್ಚಲಲ್ಲಿ ಮಾತ್ರ, ಗೊತ್ತಾ? ಅದರ ಮೇಲೆ ಕಂಡೋರು ಬೂಟು ಹಾಕ್ಕೊಂಡು ಓಡಾಡೋದು ನಂಗೆ ಆಗಲ್ಲ.”

ಎಲ್ಲರೂ ತಲೆದೂಗಿದರು. ಅತ್ತೆಯಂತೂ ಮಗನನ್ನು ನೋಡಿ ಕಣ್ಣು ತುಂಬಿಕೊಂಡರು. ಆಗ ನಮ್ಮ ಗುಮಾಸ್ತರಿಗೆ ಏನಾಯಿತೋ, ಕೈಯಲ್ಲಿದ್ದ ಚಮಚದಿಂದ ತಟ್ಟೆಯ ಅಂಚಿಗೆ ಮೂರು ಸಲ ಬಡಿದುಬಿಟ್ಟರು.

“ನಂಗೂ ನೇಮಕ ಆಗಿದೆ ಭಾವ.”

“ಎಲ್ಲಿಗೆ? ಪಕ್ಕದ ಟೇಬಲಿಗಾ?”

ಮಕ್ಕಳ ಸಮೇತ ಎಲ್ಲರೂ ನಕ್ಕರು. ಗುಮಾಸ್ತರು ಒಂದು ದೊಡ್ಡ ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಮೇಜಿನ ಹಿಂದೆ ಕೂತಿದ್ದಾರೆ ಎಂಬುದು ಆ ಮನೆಯ ಹಳೆಯ ನಗೆಚಾಟಿಕೆ.

“ನಲವತ್ತು ಸಾವಿರ ಜನ,” ಎಂದರು ಗುಮಾಸ್ತರು. “ಇಂಟರ್ನೆಟ್ಟಲ್ಲಿ. ಅವರು ಬರೆದಿದ್ದು ಉಳೀಬೇಕಾ, ಬೇಡ್ವಾ ಅಂತ ನಾನು ಹೇಳ್ಬೇಕು.”

ಭಾವನ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

“ಇಂಟರ್ನೆಟ್ ಅಂದ್ರೆ... ಪೂರ್ತಿನಾ?”

“ಛೆ ಛೆ. ಸದ್ಯಕ್ಕೆ ನಮ್ಮ ಭಾಗ ಅಷ್ಟೇ,” ಎಂದರು ಗುಮಾಸ್ತರು ವಿನಯದಿಂದ. ಆ ವಿನಯವೇ ಮುಂದಿನ ಅನಾಹುತಕ್ಕೆಲ್ಲ ಮೂಲ.

ಈಗ ನಿಜ ಸಂಗತಿ ಹೇಳಿಬಿಡುತ್ತೇನೆ. ‘ಬಿಸಾಡಬೇಡಿ’ ಎಂದೊಂದು ಆನ್‌ಲೈನ್ ಬಳಗ. ಕೆಟ್ಟ ಮಿಕ್ಸಿ, ತಿರುಗದ ಫ್ಯಾನು, ದಾರ ಕಚ್ಚುವ ಹೊಲಿಗೆ ಯಂತ್ರ, ಇವುಗಳ ಫೋಟೋ ಹಾಕಿ “ಏನು ಮಾಡಲಿ?” ಎಂದು ಕೇಳುವುದು. ಬಲ್ಲವರು ಹೇಳಿಕೊಡುವುದು. ಗುಮಾಸ್ತರ ತೀರಿಹೋದ ತಾಯಿಯ ಅಲಾರಾಂ ಗಡಿಯಾರವೊಂದು ನಿಂತುಹೋಗಿತ್ತು. ಅಂಗಡಿಯವರೆಲ್ಲ ಕೈ ಆಡಿಸಿ “ಹೊಸದು ತಗೊಳ್ಳಿ” ಎಂದಿದ್ದರು. ಈ ಬಳಗದಲ್ಲಿ ಗಡಿಯಾರದಜ್ಜ ಎಂಬ ಮುದುಕರೊಬ್ಬರು, ಮುಖವನ್ನೇ ಕಾಣದ ಈ ಮನುಷ್ಯನಿಗೆ, ಮೂರು ದಿನ ಕೂತು, ಒಂದೊಂದೇ ತಿರುಪು ಬಿಚ್ಚಿಸಿ ಹಾಕಿಸಿ, ಗಡಿಯಾರ ನಡೆಯುವಂತೆ ಮಾಡಿಸಿದ್ದರು. ಅದು ಮೊದಲ ಸಲ ಗಣಗಣ ಎಂದಾಗ ಗುಮಾಸ್ತರು ಅತ್ತಿದ್ದರು. ಅಂದಿನಿಂದ ಅವರು ಬಳಗ ಬಿಟ್ಟು ಕದಲಲಿಲ್ಲ.

ಆ ಬಳಗವನ್ನು ನೋಡಿಕೊಳ್ಳುವವರು ಹನ್ನೆರಡು ಜನ. ಯಾರಿಗೂ ಸಂಬಳವಿಲ್ಲ, ಯಾರೂ ಯಾರನ್ನೂ ಕಂಡಿಲ್ಲ. ದಿನದ ಇಪ್ಪತ್ನಾಲ್ಕು ಗಂಟೆಯನ್ನು ಎರಡೆರಡು ಗಂಟೆಯ ಪಾಳಿಯಾಗಿ ಹಂಚಿಕೊಂಡಿದ್ದಾರೆ. ಬೆಳಗ್ಗೆ ಆರಕ್ಕೆ ಗಡಿಯಾರದಜ್ಜನ ಒಂದನೇ ಪಾಳಿ. ಸಂಜೆ ನಾಲ್ಕಕ್ಕೆ, ಲಾರಿಯಿಂದ ಸರಕು ಇಳಿಸುವ ಹೊತ್ತಿನಲ್ಲಿ, ಲಾರಿಯಣ್ಣನ ಆರನೇ ಪಾಳಿ. ಎಂಟಕ್ಕೆ, ಆಸ್ಪತ್ರೆಯ ಕೆಲಸ ಮುಗಿಸಿ ಬರುವ ನರ್ಸಮ್ಮನ ಎಂಟನೇ ಪಾಳಿ. ನಡುವೆ ಏಳನೇ ಪಾಳಿಯಲ್ಲಿದ್ದ ಹೊಲಿಗೆಯಮ್ಮನಿಗೆ ಮೊಮ್ಮಗಳು ಹುಟ್ಟಿ, ಆಕೆ ಬಿಡುವು ಕೇಳಿ, ಆ ಜಾಗಕ್ಕೆ ನಮ್ಮ ಗುಮಾಸ್ತರನ್ನು ಕರೆದಿದ್ದರು. ಸದಸ್ಯರಿಗೆ ಕಾಣುವುದು ‘ಪಾಳಿ ಏಳು’ ಎಂಬ ಹೆಸರು ಮಾತ್ರ.

ಅವರ ಕಟ್ಟುಪಾಡು ನೋಡಿ ನಾನಂತೂ ಬೆರಗಾಗಿದ್ದೇನೆ. ಯಾರದಾದರೂ ಬರಹ ಕೆಟ್ಟದ್ದು, ಅಪಾಯದ್ದು ಅನಿಸಿದರೆ ‘ತಡೆ’ ಎಂಬ ಗುಂಡಿ ಒತ್ತಿ ಪಕ್ಕಕ್ಕೆ ಇಡಬಹುದು. ಆದರೆ ತೆಗೆದುಹಾಕಬೇಕಾದರೆ ಇನ್ನೊಬ್ಬರು ಒಪ್ಪಬೇಕು. ಇದಕ್ಕೆ ‘ಎರಡನೇ ಕೈ’ ಎನ್ನುತ್ತಾರೆ. ಎರಡನೇ ಕೈ ಇಲ್ಲದೆ ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ತಡೆದವರು ಬರೆದವರಿಗೆ ತಮ್ಮದೇ ಮಾತಿನಲ್ಲಿ ಕಾರಣ ತಿಳಿಸಬೇಕು. ಪಾಳಿ ಮುಗಿದಾಗ ಉಳಿದದ್ದನ್ನು ಪಾಳಿ ಪುಸ್ತಕದಲ್ಲಿ ಬರೆದು ಮುಂದಿನವರ ಕೈಗೆ ಕೊಡಬೇಕು. ಮತ್ತೆ, ಪಾಳಿಯಲ್ಲಿ ಯಾರ ಬಗ್ಗೆ ಏನೇ ತಿಳಿದರೂ ಹೊರಗೆ ಬಾಯಿ ಬಿಡಕೂಡದು.

ಇದನ್ನೆಲ್ಲ ಗುಮಾಸ್ತರು ಆ ಊಟದ ಮೇಜಿನಲ್ಲಿ ಹೇಳಬಹುದಿತ್ತು. ಆದರೆ ಹೇಳಿದರೆ ಮಿಕ್ಸಿ, ಫ್ಯಾನು, ಕುಕ್ಕರು ಎಂಬ ಮಾತುಗಳೂ ಬರುತ್ತಿದ್ದವು. ನಲವತ್ತೆಂಟು ಮನೆಯ ಅಧ್ಯಕ್ಷರ ಮುಂದೆ ಮಿಕ್ಸಿಯ ಮಾತು ಎತ್ತಲು ಅವರಿಗೆ ಮನಸ್ಸಾಗಲಿಲ್ಲ.

ಸುದ್ದಿಗೆ ಕಾಲು ಬಂತು. ಸೋಮವಾರ ಅದು ಬೀದಿಗೆ ಬಂತು, ಮಂಗಳವಾರ ಕಚೇರಿ ಹೊಕ್ಕಿತು. ಬುಧವಾರದ ಹೊತ್ತಿಗೆ, ಸರ್ಕಾರವೇ ನಮ್ಮ ಗುಮಾಸ್ತರಿಗೆ ಇಂಟರ್ನೆಟ್ಟಿನ ಬೀಗದ ಕೈ ಕೊಟ್ಟು “ಜೋಪಾನ” ಎಂದಿದೆ ಎನ್ನುವಲ್ಲಿಗೆ ಮುಟ್ಟಿತ್ತು.

ಮೊದಲು ಬಂದವರು ಮೇಲಿನ ಮನೆಯ ಆಂಟಿ. “ಅಣ್ಣಾ, ನನ್ನ ತಂಗಿ ಮಗಳ ಮದುವೇಲಿ ನಾನು ಊಟ ಮಾಡ್ತಾ ಇರೋ ಫೋಟೋ ಯಾರೋ ಹಾಕ್ಬಿಟ್ಟಿದಾರೆ. ಬಾಯಿ ಇಷ್ಟಗಲ ತೆರೆದಿದೆ. ಒಳಗಿನ ಹಲ್ಲೆಲ್ಲಾ ಎಣಿಸಬಹುದು. ನಾನೂರು ಜನ ನೋಡಿದಾರೆ. ಅದನ್ನೊಂದು ಅಳಿಸ್ಬಿಡಿ, ನಿಮಗೆ ಪುಣ್ಯ ಬರುತ್ತೆ.”

ಆಮೇಲೆ ಬೀದಿ ಮೂಲೆಯ ಕ್ಷೌರದಂಗಡಿಯವ. ಅವನ ಅಂಗಡಿಯ ಬಗ್ಗೆ ಯಾರೋ ಪುಣ್ಯಾತ್ಮರು “ಕಿವಿ ಪಕ್ಕದ ಕೃದ ಒಂದು ಉದ್ದ, ಒಂದು ಗಿಡ್ಡ, ಕೇಳಿದರೆ ತಲೆ ಸರಿಯಾಗಿ ಹಿಡಿ ಅನ್ನುತ್ತಾನೆ” ಎಂದು ಬರೆದಿದ್ದರಂತೆ.

ಮೂರನೆಯವರು ಸಾಕ್ಷಾತ್ ಕಚೇರಿಯ ಮೇಲ್ವಿಚಾರಕರು. ಇಪ್ಪತ್ತಾರು ವರ್ಷದಲ್ಲಿ ಗುಮಾಸ್ತರನ್ನು ಕೂತುಕೊಳ್ಳಿ ಎನ್ನದವರು, ಬುಧವಾರ ತಮ್ಮ ಕೋಣೆಯಿಂದಲೇ ಕೈಯಿರುವ ಕುರ್ಚಿಯೊಂದನ್ನು ಹೊರಿಸಿಕೊಂಡು ಬಂದು ದಾಖಲೆ ಕೋಣೆಯಲ್ಲಿ ಹಾಕಿಸಿದರು. ಆಮೇಲೆ ಬಾಗಿಲು ಮುಂದಕ್ಕೆ ಎಳೆದು ಪಿಸುಗುಟ್ಟಿದರು. “ಹನ್ನೊಂದು ಸೆಕೆಂಡಿನ ವಿಡಿಯೋ ಕಣ್ರೀ. ಸಿಬ್ಬಂದಿ ಚುರುಕಾಗಿ ಕೆಲಸ ಮಾಡೋದು ಹೇಗೆ ಅನ್ನೋ ಸಭೇಲಿ ನಾನು ಕಣ್ಮುಚ್ಚಿ ಆಲೋಚನೆ ಮಾಡ್ತಾ ಇದ್ದೆ. ಗೊರಕೆ ಅಂತ ಹೆಸರಿಟ್ಟಿದಾರೆ.”

ಗುಮಾಸ್ತರು ಮೂವರಿಗೂ ತಮ್ಮ ಕಚೇರಿಯ ರೂಢಿಯಂತೆ “ನೋಡೋಣ” ಎಂದರು. ದಾಖಲೆ ಕೋಣೆಯಲ್ಲಿ ನೋಡೋಣ ಎಂದದ್ದನ್ನು ಈವರೆಗೆ ಯಾರೂ ನೋಡಿದ್ದಿಲ್ಲ. ಆದರೆ ಮೂವರೂ ಕೆಲಸ ಆಯಿತೆಂದೇ ತಿಳಿದು ಹೋದರು. ಶನಿವಾರ ಸಂಜೆ ಆರಕ್ಕೆ ಐದು ನಿಮಿಷವಿರುವಾಗ, ತಮ್ಮ ಕೆಲಸ ಕಣ್ಣಾರೆ ನೋಡಲು ಮೂವರೂ ಒಟ್ಟಿಗೆ ಮನೆಗೇ ಬಂದರು.

ಗುಮಾಸ್ತರ ಹೊರಕೋಣೆ ಚಿಕ್ಕದು. ಕಂಪ್ಯೂಟರ್ ಕಿಟಕಿಯ ಪಕ್ಕ, ಸೋಫಾ ಅದರ ಮುಂದೆ ಕೂತವರ ಬೆನ್ನಿಗೆ. ಸೋಫಾದಲ್ಲಿ ಆಂಟಿ ಮತ್ತು ಮೇಲ್ವಿಚಾರಕರು, ಸ್ಟೂಲಿನ ಮೇಲೆ ಕ್ಷೌರಿಕ. ಗುಮಾಸ್ತರ ಹೆಂಡತಿ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವಾಕೆ, ಅಡುಗೆಮನೆಯ ಬಾಗಿಲಲ್ಲಿ ನಿಂತು “ಏನ್ರೀ ಇದು ಜಾತ್ರೆ?” ಎಂದು ಕಣ್ಣಲ್ಲೇ ಕೇಳಿದಳು. ಗುಮಾಸ್ತರು ಕಾಣದವರಂತೆ ಇಸ್ತ್ರಿ ಮಾಡಿದ ಅಂಗಿಯ ತೋಳು ಸರಿಮಾಡಿಕೊಂಡು ಪಾಳಿಗೆ ಕೂತರು.

ಮೊದಲ ಬರಹ ಬಂತು. ಒಂದು ಫ್ಯಾನು ಕಿರ್ರೆನ್ನುತ್ತದಂತೆ. ಫೋಟೋ ಮಸುಕು.

“ಈಗ ಏನ್ ಮಾಡ್ತೀರಿ ಅಣ್ಣಾ?” ಎಂದರು ಆಂಟಿ, ಕುತ್ತಿಗೆ ಚಾಚಿ.

ಮಾಡಬೇಕಾದ್ದು ಏನೂ ಇರಲಿಲ್ಲ. ಹಿಂದಿನ ಐದು ದಿನ ಗುಮಾಸ್ತರು ಏನೂ ಮಾಡದೆ ಸೊಗಸಾಗಿ ಪಾಳಿ ಮುಗಿಸಿದ್ದರು. ಆದರೆ ಮೂರು ಜೊತೆ ಕಣ್ಣು ಬೆನ್ನಿಗೆ ನೆಟ್ಟಿರುವಾಗ ಏನೂ ಮಾಡದಿರುವುದು ಕಷ್ಟ. ಅವರು ‘ತಡೆ’ ಒತ್ತಿದರು. ಫ್ಯಾನು ಪರದೆಯಿಂದ ಮಾಯವಾಯಿತು.

“ಅಯ್ಯಯ್ಯೋ! ಹೋಯ್ತು!” ಆಂಟಿ ಎದೆ ಮುಟ್ಟಿಕೊಂಡರು. ಕ್ಷೌರಿಕ ಚಪ್ಪಾಳೆ ಹೊಡೆದ. ಮೇಲ್ವಿಚಾರಕರು ಮುಂದಕ್ಕೆ ಬಗ್ಗಿ, “ಕಾರಣ ನಮೂದಿಸಿ, ಕಾರಣ ನಮೂದಿಸಿ,” ಎಂದರು.

ಗುಮಾಸ್ತರು “ಚಿತ್ರ ಅಸ್ಪಷ್ಟ” ಎಂದು ಬರೆದರು. ಎರಡನೆಯದು ಮಿಕ್ಸಿ. “ವಿವರ ಅಪೂರ್ಣ.” ಮೂರನೆಯದು ಕುಕ್ಕರು. “ಕೆಟ್ಟ ದಿನಾಂಕ ತಿಳಿಸಿಲ್ಲ.” ಇಪ್ಪತ್ತಾರು ವರ್ಷ ಮೇಲಿನವರಿಂದ ತಮ್ಮ ಕಡತಗಳಿಗೆ ಬಿದ್ದ ಷರಾಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಕೈ ಪಳಗಿತು. ಒಂದು ಇಸ್ತ್ರಿಪೆಟ್ಟಿಗೆಗೆ “ಸಹಿ ಇಲ್ಲ” ಎಂದು ಬರೆದಾಗ ಮೇಲ್ವಿಚಾರಕರು ಸೋಫಾದಿಂದ ಅರ್ಧ ಎದ್ದು, “ಭೇಷ್! ಇದು ಕ್ರಮ!” ಎಂದರು.

“ಅಲ್ಲಾ ಸಾರ್, ಇದೇನು ಬರೀ ಮಿಕ್ಸಿ ಫ್ಯಾನೇ ಬರ್ತಾ ಇದೆ?” ಎಂದ ಕ್ಷೌರಿಕ.

“ಶನಿವಾರ ಹಾಗೇ,” ಎಂದರು ಗುಮಾಸ್ತರು.

ಆರೂ ನಲವತ್ತಕ್ಕೆ ತಡೆಯಾದವು ಒಟ್ಟು ನೂರಾ ಮೂವತ್ತೇಳು. ಪರದೆ ಗುಡಿಸಿ ಸಾರಿಸಿದ ಅಂಗಳದಷ್ಟು ಚೊಕ್ಕಟವಾಗಿತ್ತು. ಆಗ ಫೋನು ಬಡಿದುಕೊಂಡಿತು. ಗುಮಾಸ್ತರು ಗಾಬರಿಯಲ್ಲಿ ಎತ್ತುವಾಗ ಸ್ಪೀಕರ್ ಒತ್ತಿಹೋಯಿತು.

“ಹಲೋ, ಏಳು. ನಾನು ಒಂದು,” ಎಂದಿತು ನಡುಗುವ, ಸಮಾಧಾನದ ಒಂದು ಮುದಿ ದನಿ. ಗಡಿಯಾರದಜ್ಜ. “ಆರು, ಎಂಟು ಇಬ್ಬರೂ ಜೊತೆಗಿದಾರೆ. ಎಲ್ಲಾ ಕ್ಷೇಮ ತಾನೇ? ಗುಂಡಿ ಮೇಲೆ ಏನಾದ್ರೂ ಬಿದ್ದಿದೆಯಾ ಮಗಾ? ಬೆಕ್ಕು ಗಿಕ್ಕು ಕೂತಿದೆಯಾ?”

“ಯಾಕಜ್ಜ?”

“ಏನಿಲ್ಲ. ಹೋದ ವರ್ಷ ಪೂರ್ತಿ ನಾವು ಹನ್ನೆರಡು ಜನ ಸೇರಿ ತೊಂಬತ್ತು ತಡೆದಿದ್ವಿ. ಈಗ ನಲವತ್ತು ನಿಮಿಷದಲ್ಲಿ ನೂರಾ ಮೂವತ್ತೇಳು ಆಗಿದೆ. ಅದಕ್ಕೇ ಬೆಕ್ಕು ಅಂದ್ಕೊಂಡೆ.”

ಬೆಕ್ಕು ಸೋಫಾದ ಕೆಳಗೇ ಇತ್ತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಬೆಕ್ಕೇನು ಎದ್ದು ಬಂದು ತಕರಾರು ಹೇಳುತ್ತಿರಲಿಲ್ಲ. ಬೆನ್ನ ಹಿಂದೆ ಮೂರು ಜನ, ಬಾಗಿಲಲ್ಲಿ ಹೆಂಡತಿ. ಗುಮಾಸ್ತರು ಒಂದು ಸಲ ಬೆಕ್ಕಿನ ಬಾಲ ನೋಡಿದರು. ಎದುರು ಗೋಡೆಯ ಕಪಾಟಿನಲ್ಲಿ ಅಮ್ಮನ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

“ಬೆಕ್ಕಲ್ಲ ಅಜ್ಜ. ನಾನೇ ಒತ್ತಿದ್ದು. ಅಷ್ಟೂ ನಾನೇ.”

ಬೈಗುಳಕ್ಕಾಗಿ ಕಾದು ಕೂತ ಗುಮಾಸ್ತರಿಗೆ ಬೈಗುಳ ಬರಲಿಲ್ಲ.

“ಸರಿ. ಹಾಗಾದ್ರೆ ಹಂಚ್ಕೊಳ್ಳೋಣ,” ಎಂದರು ಅಜ್ಜ.

“ಮೊದಲನೇ ಐವತ್ತು ನಂಗಿರಲಿ,” ಎಂದಿತು ಎಂಜಿನ್ ಸದ್ದಿನ ನಡುವೆ ಲಾರಿಯಣ್ಣನ ದನಿ. “ಇಲ್ಲಿ ಇನ್ನೂ ಮೂಟೆ ಇಳೀತಾ ಇದೆ. ಏಳು, ತಲೆ ಕೆಡಿಸ್ಕೋಬೇಡಿ. ನಾನು ಲಾರಿನೇ ಹಳ್ಳಕ್ಕೆ ಇಳಿಸಿದೀನಿ.”

“ತಡೀರಿ, ಎಣಿಸಿ ಹಂಚೋದು ಆಮೇಲೆ,” ಎಂದಳು ನರ್ಸಮ್ಮ. ಬಸ್ಸಿನಲ್ಲಿದ್ದಳೆಂದು ಕಾಣುತ್ತದೆ, ಹಿಂದಿನಿಂದ ಕಂಡಕ್ಟರನ ಸೀಟಿ. “ಮೊದಲು ಕರೆಂಟು, ಗ್ಯಾಸು, ಮಗು, ವಯಸ್ಸಾದೋರು. ಈ ನಾಲ್ಕು ಮಾತು ಇರೋದನ್ನ ಹುಡುಕಿ. ಮಿಕ್ಸಿ ಕಾಯುತ್ತೆ, ಮನುಷ್ಯರಿಗೆ ಕಾಯೋಕಾಗಲ್ಲ.” ಒಂದು ನಿಮಿಷವೂ ಆಗಿರಲಿಲ್ಲ. “ಸಿಕ್ತು. ನೂರಾ ಹನ್ನೆರಡು. ಏಳು, ಇದು ನಿಮ್ದು. ಅವರು ಸರಿ ಹೋಯ್ತು ಅನ್ನೋವರೆಗೆ ಬಿಡಬೇಡಿ.”

ಗುಮಾಸ್ತರು ನೂರಾ ಹನ್ನೆರಡನೆಯದನ್ನು ತೆರೆದರು. ಬರೆದವರ ಹೆಸರು ‘ಉಕ್ಕಿನ ಮುಷ್ಟಿ’.

“ಗೀಸರ್ ನಾನೇ ಬಿಚ್ಚಿ ಜೋಡಿಸಿದೆ. ಅತ್ಯುತ್ತಮವಾಗಿ ಕೆಲಸ ಮಾಡುತ್ತಿದೆ. ಆದರೆ ನಲ್ಲಿ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ. ಇದು ಸಾಮಾನ್ಯವೇ? ಮನೆಯಲ್ಲಿ ವಯಸ್ಸಾದ ತಾಯಿ ಏಳು ಗಂಟೆಗೆ ಸ್ನಾನ ಮಾಡುತ್ತಾರೆ.”

ಅದರ ಕೆಳಗೆ ಅವರದೇ ಷರಾ: “ಹೆಬ್ಬೆರಳು ಅಡ್ಡ ಬಂದಿದೆ. ಹೆಬ್ಬೆರಳಿಲ್ಲದ ಚಿತ್ರದೊಂದಿಗೆ ಮರುಸಲ್ಲಿಸಿ.”

ಗುಮಾಸ್ತರು ಚಿತ್ರ ನೋಡಿದರು. ಹೆಬ್ಬೆರಳಲ್ಲಿ ನೀಲಿ ಕಲ್ಲಿನ ಉಂಗುರ. ಹಿಂದೆ ಗಿಳಿಹಸಿರು ಟೈಲ್ಸ್.

ಗಡಿಯಾರ ಆರೂ ನಲವತ್ತಾರು ತೋರಿಸುತ್ತಿತ್ತು. ನೇರ ಭಾವನಿಗೇ ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ನಿಮಗೆ ಭಾವ ಗೊತ್ತಿಲ್ಲ. ಗುಮಾಸ್ತ ಹೇಳಿದ ಎಂದು ತಿಳಿದರೆ ಸಾಕು, “ಏನಾಗುತ್ತೆ? ಏನೂ ಆಗಲ್ಲ” ಎಂದು ತೋರಿಸುವುದಕ್ಕಾದರೂ ಆ ಮನುಷ್ಯ ನಲ್ಲಿ ಹಿಡಿದು ನಿಂತುಬಿಡುತ್ತಾರೆ. ಗುಮಾಸ್ತರು ಎರಡೇ ಹೆಜ್ಜೆಗೆ ಅಡುಗೆಮನೆ ಸೇರಿದರು.

“ನಿಮ್ಮಮ್ಮಂಗೆ ಫೋನ್ ಮಾಡು. ಈಗಲೇ. ಮಾತಾಡ್ತಾನೇ ಇರು. ಸ್ನಾನಕ್ಕೆ ಏಳೋಕೆ ಬಿಡಬೇಡ.”

“ಯಾಕ್ರೀ?”

“ಕೇಳಬೇಡ. ನನಗಾಗಿ ಇದೊಂದು ಮಾಡು. ಹತ್ತು ಹದಿನೈದು ನಿಮಿಷ ಹಿಡಿದಿಡೋಕೆ ಆಗುತ್ತಾ?”

“ಅಮ್ಮನ್ನಾ? ಹದಿನೈದು ನಿಮಿಷಕ್ಕೆ ನಮ್ಮ ಹಲೋನೇ ಮುಗಿಯಲ್ಲ,” ಎಂದು ಆಕೆ ಫೋನು ಕೈಗೆತ್ತಿಕೊಂಡಳು. ಗಂಡನ ಮುಖ ನೋಡಿ ಮತ್ತೇನೂ ಕೇಳಲಿಲ್ಲ.

ಗುಮಾಸ್ತರು ವಾಪಸು ಬಂದು ಬರೆದರು. “ನಿಮ್ಮ ಬರಹ ತಡೆದದ್ದು ನನ್ನ ತಪ್ಪು. ಕ್ಷಮಿಸಿ. ಈಗಲೇ ಮೇನ್ ಸ್ವಿಚ್ ಆಫ್ ಮಾಡಿ. ನಲ್ಲಿ, ನೀರು ಯಾರೂ ಮುಟ್ಟಬಾರದು. ಪಾಳಿ ಏಳು.”

ಉತ್ತರ ಬಂತು. “ನೀವು ಯಾರ್ರೀ ನನಗೆ ಹೇಳೋಕೆ? ನಾನು ನಲವತ್ತೆಂಟು ಮನೆಯ ಅಧ್ಯಕ್ಷ.”

“ಎಲಾ ಇವನ!” ಎಂದು ಹಲ್ಲು ಕಡಿದ ಕ್ಷೌರಿಕ. “ಜಾಡಿಸಿ ಸಾರ್.”

ಗುಮಾಸ್ತರು ಜಾಡಿಸಲಿಲ್ಲ. ಹತ್ತೊಂಬತ್ತು ವರ್ಷ ಸೋತವನಿಗೆ ಗೆದ್ದವನ ನರನಾಡಿ ಗೊತ್ತಿರುತ್ತದೆ. ಅವರು ನಿಧಾನವಾಗಿ ಬರೆದರು. “ತಾವು ತಿಳಿದವರು. ತಾವು ಆಗಲೇ ಆಫ್ ಮಾಡಿರುತ್ತೀರಿ ಎಂದು ನನಗೆ ಗೊತ್ತು. ಇತರ ಸದಸ್ಯರಿಗೆ ಮಾದರಿಯಾಗಲಿ ಎಂದು ಸ್ವಿಚ್ಚಿನದೊಂದು ಚಿತ್ರ ಹಾಕುವಿರಾ?”

ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ. ಅಡುಗೆಮನೆಯಿಂದ “ಹೂಂ ಅಮ್ಮಾ, ಆಮೇಲೆ? ಅಯ್ಯೋ, ಆಮೇಲೆ?” ಎಂಬ ದನಿ. ಕ್ಷೌರಿಕ ಉಗುರು ಕಚ್ಚತೊಡಗಿದ. ಆಂಟಿ ತಮ್ಮ ಫೋಟೋವನ್ನು ಮರೆತೇಬಿಟ್ಟಿದ್ದರು. ಆರೂ ಐವತ್ತೆಂಟಕ್ಕೆ ಚಿತ್ರ ಬಂತು. ಮೇನ್ ಸ್ವಿಚ್ಚಿನ ಹಿಡಿ ಕೆಳಕ್ಕೆ, ಆಫ್ ಕಡೆಗೆ ಇತ್ತು. ಅರ್ಧ ಚಿತ್ರಕ್ಕೆ ಮತ್ತೆ ಹೆಬ್ಬೆರಳು ಅಡ್ಡ.

“ಆಗಲೇ ಆಫ್ ಮಾಡಿದ್ದೆ,” ಎಂದು ಬರೆದಿದ್ದರು ಉಕ್ಕಿನ ಮುಷ್ಟಿ.

“ಮಾಡಿರುತ್ತೀರಿ ಎಂದು ಗೊತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಗೀಸರ್ ಹಾಕಬೇಡಿ. ನಾಳೆ ಅವನನ್ನು ಕರೆಸಿ, ತಾವು ಪಕ್ಕದಲ್ಲಿ ನಿಂತು ಮಾಡಿಸಿದರೆ ಕೆಲಸ ಚೆನ್ನಾಗಿ ಆಗುತ್ತದೆ,” ಎಂದು ಬರೆದು ಗುಮಾಸ್ತರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಫೋನಿನಲ್ಲಿ ನರ್ಸಮ್ಮ “ಶಾಭಾಸ್ ಏಳು, ಚೆನ್ನಾಗಿ ಹಿಡಿದ್ರಿ,” ಎಂದಳು.

ಉಳಿದ ಕೆಲಸ ಬಾಕಿ ಇತ್ತು. ಅಜ್ಜ, ಲಾರಿಯಣ್ಣ, ನರ್ಸಮ್ಮ ಮೂವರೂ ತಡೆ ತೆಗೆಯುತ್ತ ಬಂದಂತೆ ಪ್ರತಿಯೊಬ್ಬರಿಗೂ ಕಾರಣ ಬರೆಯಬೇಕಾದವರು ಗುಮಾಸ್ತರೇ. “ಕಣ್ತಪ್ಪಿನಿಂದ ತಮ್ಮ ಬರಹವು” ಎಂದು ಶುರುಮಾಡಿದರು.

“ಮಗಾ, ಕಣ್ಣು ಏನು ತಪ್ಪು ಮಾಡಿದೆ? ಅದರ ಮೇಲ್ಯಾಕೆ ಹಾಕ್ತೀಯ?” ಎಂದರು ಅಜ್ಜ.

ಗುಮಾಸ್ತರು ಅಳಿಸಿ, “ನಿಮ್ಮ ಪ್ರಶ್ನೆ ಸರಿಯಾಗಿಯೇ ಇತ್ತು. ತಡೆದವನು ನಾನು, ತಪ್ಪು ನನ್ನದು. ಪಾಳಿ ಏಳು,” ಎಂದು ಬರೆದರು. ಹಾಗೆ ನೂರಾ ಮೂವತ್ತೇಳು ಸಲ.

ಮೇಲ್ವಿಚಾರಕರ ಮುಖ ಕಪ್ಪಿಟ್ಟಿತು. “ಏನ್ರೀ ಇದು? ಅಧಿಕಾರ ಇರೋರು ತಪ್ಪು ಒಪ್ಕೋತಾರೇನ್ರೀ? ಮೂವತ್ತು ವರ್ಷದ ಸರ್ವೀಸಲ್ಲಿ ನಾನು ಒಂದು ಸಲ ಒಪ್ಕೊಂಡಿಲ್ಲ!”

“ಸಾರ್, ನಂಗೆ ಯಾವ ಅಧಿಕಾರನೂ ಇಲ್ಲ. ನಿಮ್ಮ ವಿಡಿಯೋ ತೆಗೆಯೋಕೆ ನನ್ನ ಕೈಲಿ ಆಗಲ್ಲ. ಆಂಟಿ ಫೋಟೋನೂ ಅಷ್ಟೇ, ಇವನ ಕೃದದ ವಿಷಯಾನೂ ಅಷ್ಟೇ. ನಾವು ಬರೀ ರಿಪೇರಿಯವರು. ಮೊದಲೇ ಹೇಳ್ಬೇಕಿತ್ತು, ಹೇಳಲಿಲ್ಲ. ಅದೂ ನನ್ನ ತಪ್ಪೇ,” ಎಂದು ಗುಮಾಸ್ತರು ನೂರಾ ಮೂವತ್ತೆಂಟನೇ ಕ್ಷಮೆ ಕೇಳಿದರು.

“ಕೈಯಿರೋ ಕುರ್ಚಿ ಸೋಮವಾರ ನನ್ನ ಕೋಣೆಗೆ ವಾಪಸ್ ಬರ್ಬೇಕು,” ಎಂದು ಮೇಲ್ವಿಚಾರಕರು ಚಪ್ಪಲಿ ಮೆಟ್ಟಿ ಹೊರಟರು.

ಉಳಿದಿಬ್ಬರು ಏಳಲಿಲ್ಲ. ಕ್ಷೌರಿಕ ತನ್ನ ಫೋನಿನಲ್ಲಿ ಅದೇ ಬಳಗ ತೆರೆದು ಕೂತಿದ್ದ. “ಸಾರ್, ಇಲ್ಲೊಬ್ಬರದು ಟ್ರಿಮ್ಮರ್ ನಿಂತಿದೆಯಂತೆ. ಕೂದಲು ಸಿಕ್ಕಿದೆ ಅಷ್ಟೇ, ಬ್ಲೇಡ್ ತೆಗೆದು ಒಂದು ಹನಿ ಎಣ್ಣೆ ಬಿಟ್ರೆ ಸಾಕು. ನಾನು ಹೇಳ್ಬಹುದಾ?”

“ಧಾರಾಳವಾಗಿ ಹೇಳು ಮಾರಾಯ.”

“ಕುಕ್ಕರಿಂದು ನಂಗೆ ಬಿಡಿ,” ಎಂದು ಆಂಟಿ ಕನ್ನಡಕ ಏರಿಸಿದರು. “ವಾಷರ್ ತಿರುವುಮುರುವು ಹಾಕಿರ್ತಾರೆ ಇವರೆಲ್ಲ.”

ಎಂಟಕ್ಕೆ ಎಲ್ಲ ಮುಗಿಯಿತು. ಬೈದವರು ನಾಲ್ಕೇ ಜನ. ಮೊದಲ ಫ್ಯಾನಿನವರಂತೂ “ಪರವಾಗಿಲ್ಲ ಏಳು, ಎರಡು ವರ್ಷದಿಂದ ಕಿರ್ರ್ ಅಂತಿದೆ, ಇನ್ನೊಂದು ಗಂಟೆ ಅಂದ್ರೆ ಏನು ಮಹಾ,” ಎಂದು ಬರೆದಿದ್ದರು. ಗುಮಾಸ್ತರು ಪಾಳಿ ಪುಸ್ತಕದಲ್ಲಿ ನಡೆದದ್ದೆಲ್ಲ ಬರೆದು, ಕೊನೆಯಲ್ಲಿ “ಈ ಕೆಲಸಕ್ಕೆ ನಾನು ಯೋಗ್ಯನಲ್ಲ, ರಾಜೀನಾಮೆ ಕೊಡುತ್ತಿದ್ದೇನೆ,” ಎಂದು ಸೇರಿಸಿದರು.

ಅರ್ಧ ಗಂಟೆಯಲ್ಲಿ ಅಜ್ಜನ ಉತ್ತರ ಬಂತು. “ಯಾರನ್ನಾದರೂ ತೆಗೆಯುವುದಕ್ಕೂ ಎರಡನೇ ಕೈ ಬೇಕು. ಕೇಳಿದೆ. ಹನ್ನೊಂದು ಜನರಲ್ಲಿ ಒಬ್ಬರೂ ಕೈ ಕೊಡಲಿಲ್ಲ. ಬಳಗ ಶುರುವಾದಾಗ ನಾನೊಬ್ಬನೇ ಇದ್ದೆ. ಮೊದಲ ದಿನವೇ ನನ್ನನ್ನು ನಾನೇ ತಡೆದುಕೊಂಡು, ಬಿಡಿಸುವವರಿಲ್ಲದೆ ಮೂರು ದಿನ ಹೊರಗೆ ಕೂತಿದ್ದೆ. ಎರಡನೇ ಕೈ ಅಂತ ಮಾಡಿದ್ದೇ ಅದಕ್ಕೆ. ನಾಳೆ ಆರಕ್ಕೆ ಬಾ.”

ಗುಮಾಸ್ತರು ಅದನ್ನು ಮೂರ್ನಾಲ್ಕು ಸಲ ಓದಿದರು. ಇಪ್ಪತ್ತಾರು ವರ್ಷ ದುಡಿದ ಕಚೇರಿಯಲ್ಲಿ ಒಂದು ದಿನವೂ ಅವರಿಗೆ ಯಾರೂ ಇಂಥ ಮಾತು ಬರೆದಿರಲಿಲ್ಲ.

ಮಾರನೆಯ ದಿನ ಭಾನುವಾರ. ಊಟ ಭಾವನ ಮನೆಯಲ್ಲಿ. ಬೆಳಗ್ಗೆಯೇ ಎಲೆಕ್ಟ್ರಿಷಿಯನ್ ಬಂದು ಹೋಗಿದ್ದ, ಬೂಟಿನ ಗುರುತು ಬಚ್ಚಲ ಬಾಗಿಲಲ್ಲಿ ಇನ್ನೂ ಇತ್ತು. ಊಟವಾಯಿತು, ಹರಟೆಯಾಯಿತು, ಸಂಜೆ ಐದು ದಾಟಿತು. ಅತ್ತೆ, “ನಿನ್ನೆ ನನ್ನ ಮಗಳು ಒಂದೂವರೆ ಗಂಟೆ ಫೋನ್ ಇಡಲೇ ಇಲ್ಲ ಕಣಪ್ಪ, ಸ್ನಾನವೇ ತಪ್ಪಿಹೋಯ್ತು,” ಎಂದರು ಖುಷಿಯಿಂದ.

ಟಕ್ ಟಕ್ ಟಕ್.

“ಏನ್ರೀ ಇಂಟರ್ನೆಟ್ ಅಧಿಕಾರಿಗಳೇ,” ಎಂದರು ಭಾವ. “ನಲವತ್ತು ಸಾವಿರ ಜನರನ್ನ ಆಳ್ತೀರಂತೆ. ನಿಜವಾದ ಕೆಲಸ ಮಾಡೋರು ಹೇಗಿರ್ತಾರೆ ಗೊತ್ತಾ? ನನ್ನ ಸ್ನೇಹಿತನೊಬ್ಬ ಇದಾನೆ. ಹೆಸರು ಬೇಡ. ಗೀಸರ್ ವಿಷಯಕ್ಕೆ ರಿಪೇರಿ ಬಳಗ ಒಂದರಲ್ಲಿ ಬರೆದನಂತೆ. ಅಲ್ಲಿ ಪಾಳಿ ಏಳು ಅಂತ ಒಬ್ಬರು. ಮೊದಲು ಏನೋ ಎಡವಟ್ಟು ಮಾಡಿದ್ರು, ಆದ್ರೆ ತಾವಾಗೇ ತಪ್ಪು ನಂದು ಅಂದ್ರು. ಇವನು ರೇಗಾಡಿದಾನೆ, ಒಂದು ಕೆಟ್ಟ ಮಾತಿಲ್ಲ ಅವರ ಬಾಯಲ್ಲಿ. ಎಷ್ಟು ಮರ್ಯಾದೆ, ಎಷ್ಟು ತಾಳ್ಮೆ! ಸ್ವಿಚ್ ಆಫ್ ಆಗೋವರೆಗೆ ಬಿಡಲಿಲ್ಲ. ಇವತ್ತು ಎಲೆಕ್ಟ್ರಿಷಿಯನ್ ಹೇಳಿದ, ಒದ್ದೆ ಕೈಲಿ ಸ್ನಾನಕ್ಕೆ ನಿಂತಿದ್ರೆ...” ಭಾವನ ದನಿ ಅಲ್ಲಿ ನಿಂತಿತು. ಅವರು ತಾಯಿಯ ಕಡೆ ನೋಡಿ, ಕೆಮ್ಮಿ, ಮುಂದುವರಿಸಿದರು. “ಅಂಥವರು ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ. ನೀವೂ ಇದೀರಿ. ಅವರನ್ನ ನೋಡಿ ಕಲೀರಿ.”

ಗೆಲುವು ಗುಮಾಸ್ತರ ನಾಲಿಗೆಯ ತುದಿಗೆ ಬಂದು ಕೂತಿತ್ತು. ಹತ್ತೊಂಬತ್ತು ವರ್ಷದ ಸೋಲು ಒಂದೇ ಮಾತಿನಲ್ಲಿ ತೀರುತ್ತಿತ್ತು. ‘ಉಕ್ಕಿನ ಮುಷ್ಟಿ’ ಎಂದರೂ ಸಾಕಿತ್ತು, ಪೂರ್ತಿ ವಾಕ್ಯವೇ ಬೇಡ. ಅವರು ಬಾಯಿ ತೆರೆದರು. ತೆರೆದ ಬಾಯಿಯಲ್ಲಿ ಅಜ್ಜನ ಬಳಗದ ಕಟ್ಟುಪಾಡೂ, ತಾಯಿಯ ಕಡೆ ನೋಡಿ ನಿಂತುಹೋದ ಭಾವನ ದನಿಯೂ ಅಡ್ಡ ಬಂದವು.

“ಕಲೀತೀನಿ ಭಾವ,” ಎಂದರು ಗುಮಾಸ್ತರು.

ಗುಮಾಸ್ತರ ಹೆಂಡತಿ ಟೀ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. “ಅಣ್ಣ, ನಿನ್ನ ಸ್ನೇಹಿತ ಸ್ವಿಚ್ ಆಫ್ ಮಾಡಿದ್ದು ಎಷ್ಟು ಹೊತ್ತಿಗೆ?”

“ನಿನ್ನೆ ಏಳಕ್ಕೆ ಎರಡು ನಿಮಿಷ ಇತ್ತು ಅಷ್ಟೇ. ಯಾಕೆ?”

“ಸುಮ್ನೆ ಕೇಳಿದೆ.”

ಆಕೆ ಲೆಕ್ಕದ ಟೀಚರು. ಗಂಡನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಗಂಡನ ಮುಖವನ್ನು ಮತ್ತೊಮ್ಮೆ ನೋಡಿದಳು. ಭಾವ ಎಂದಿನಂತೆ ಉಂಗುರದ ಕೈ ಮುಂದೆ ಚಾಚಿದ್ದರು. ಆಕೆ ಆ ಕೈಯನ್ನು ದಾಟಿ ಬಂದು, ಹೊಗೆಯಾಡುವ ಮೊದಲ ಲೋಟವನ್ನು ಗಂಡನ ಮುಂದಿಟ್ಟಳು.

ಭಾವನ ಕೈ ಗಾಳಿಯಲ್ಲೇ ಉಳಿಯಿತು. “ಇದೇನೇ ಹೊಸ ಪದ್ಧತಿ?”

“ಏನಿಲ್ಲಣ್ಣ. ಇವರಿಗೆ ಆರು ಗಂಟೆಗೆ ಕೆಲಸ ಇದೆ,” ಎಂದಳು ಆಕೆ. “ತಡ ಆಗಬಾರದು.”

ಗುಮಾಸ್ತರು ಅವಸರದಲ್ಲಿ ಒಂದು ಗುಟುಕು ಕುಡಿದು ನಾಲಿಗೆ ಸುಟ್ಟುಕೊಂಡರು. ಇಷ್ಟು ಬಿಸಿ ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.